ಮೈಸೂರಿನಿಂದ ಎಲೆಕ್ಟ್ರಿಕ್ ಕಾರಿನಲ್ಲಿ ದೂರದ ಊರುಗಳಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿರುವುದು ಒಂದೇ ಕಾರು, ಅದು ಕರೆಂಟಿನದು. ಮದುವೆಮನೆ ಪಂಕ್ತಿಯಲ್ಲಿ, ಪಂಕ್ಚರ್ ಅಂಗಡಿ ಮುಂದೆ, ಊರಿನಿಂದ ಬರುವ ಫೋನುಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಲೆಕ್ಕಗಳೆಲ್ಲ 40 ಯೂನಿಟ್ ಬ್ಯಾಟರಿಯ ನಮ್ಮ ಗಾಡಿಯದು. ಯೂನಿಟ್ ಎಂದರೆ ಕರೆಂಟ್ ಕಂಪನಿ ಸೆಸ್ಕ್‌ನ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಅವರ್. ನಿಮ್ಮ ಬ್ಯಾಟರಿ ದೊಡ್ಡದಿದ್ದರೆ ಅದಕ್ಕೆ ತಕ್ಕ ಹಾಗೆ ಹಿಗ್ಗಿಸಿಕೊಳ್ಳಿ.

## ಮೊದಲು ಕೇಳುವವು

ಒಂದ್ಸಲ ಚಾರ್ಜ್ ಮಾಡುದ್ರೆ ಎಷ್ಟ್ ದೂರ ಓಯ್ತದೆ ಕಣಣ್ಣ? ದಿಟ ಹೇಳು.

ದಿಟವಾಗಿ ಹೇಳುವುದಾದರೆ 210ರಿಂದ 300 ಕಿ.ಮೀ. ಕಂಪನಿಯ ಕಾಗದದಲ್ಲಿ 400 ದಾಟಿರುತ್ತದೆ. ಆ ಸಂಖ್ಯೆ ಸುಳ್ಳಲ್ಲ, ಆದರೆ ಅದು ಪರೀಕ್ಷಾ ಕೋಣೆಯ ರೋಲರ್ ಮೇಲೆ ಎಸಿ ಹಾಕದೆ, ಬಹುಪಾಲು ಕಡಿಮೆ ವೇಗದಲ್ಲಿ ಓಡಿಸಿ ಪಡೆದದ್ದು. ನಮ್ಮ ಗಾಡಿ 100 ಕಿ.ಮೀ.ಗೆ ಹಳೆಯ ರಸ್ತೆಯಲ್ಲಿ 60-70ರ ವೇಗಕ್ಕೆ ಸುಮಾರು 12 ಯೂನಿಟ್ ಕುಡಿಯುತ್ತದೆ. 80ರಲ್ಲಿ 13, 100ರಲ್ಲಿ 17. ಕೊನೆಯ ಹತ್ತು ಪರ್ಸೆಂಟನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಕೈಗೆ ಸಿಗುವುದು 36 ಯೂನಿಟ್. ಭಾಗಿಸಿ ನೋಡಿದರೆ ನಿಮ್ಮ ಉತ್ತರ ಸಿಗುತ್ತದೆ.

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ಹೋದ ಊರಲ್ಲಿ ರಾತ್ರಿ ಗಾಡಿ ಎಲ್ಲಿ ಮಲಗುತ್ತದೆ? ಅಲ್ಲೊಂದು ಪ್ಲಗ್ ಪಾಯಿಂಟ್ ಇದ್ದರೆ 200 ಕಿ.ಮೀ. ದೂರದ ಊರು ಪಕ್ಕದ ಮನೆ ಇದ್ದ ಹಾಗೆ. ಇಲ್ಲದಿದ್ದರೆ 120 ಕಿ.ಮೀ. ದೂರದ ಮಡಿಕೇರಿಗೂ ತಲೆಕೆಡಿಸಿಕೊಳ್ಳಬೇಕಾಗುತ್ತದೆ.

ಬೆಂಗಳೂರಿಗೆ ಹೋಗಿ ಸಾಯಂಕಾಲ ವಾಪಸ್ ಬರಬಹುದಾ?

ಧಾರಾಳವಾಗಿ. ಒಂದು ಬದಿಗೆ ಹೆಚ್ಚುಕಡಿಮೆ 145 ಕಿ.ಮೀ. 80-90ರಲ್ಲಿ ಹೋದರೆ 20 ಯೂನಿಟ್, ಅಂದರೆ ಅರ್ಧ ಬ್ಯಾಟರಿ. ಊರೊಳಗೆ ಒಂದು 30 ಕಿ.ಮೀ. ಸುತ್ತಿದರೆ ಇನ್ನೊಂದು ನಾಲ್ಕು ಯೂನಿಟ್. ಉಳಿದ 16ರಲ್ಲಿ ಮನೆ ಮುಟ್ಟುವುದಿಲ್ಲ, ಎಂಟು ಯೂನಿಟ್ ಸೇರಿಸಿಕೊಳ್ಳಲೇಬೇಕು. ಆಫೀಸಿನ ಅಥವಾ ಮಾಲಿನ ಬೇಸ್‌ಮೆಂಟಿನಲ್ಲಿರುವ 7 ಕಿಲೋವ್ಯಾಟಿನ ನಿಧಾನದ ಚಾರ್ಜರಿಗೆ ಇದು ಒಂದು ಗಂಟೆ ಚಿಲ್ಲರೆ ಕೆಲಸ. ನಿಮ್ಮ ಕೆಲಸ ಮುಗಿಯುವಷ್ಟರಲ್ಲಿ ಅದರದ್ದೂ ಮುಗಿದಿರುತ್ತದೆ. ಸಿಗ್ನಲ್ಲಿನಲ್ಲಿ, ಜಾಮಿನಲ್ಲಿ ಗಾಡಿ ನಿಂತಾಗ ಮೋಟಾರು ಏನೂ ತಿನ್ನುವುದಿಲ್ಲ. ಎಸಿಗೆ ಗಂಟೆಗೊಂದು ಯೂನಿಟ್ ಹೋಗಬಹುದು, ಅಷ್ಟೆ.

ದಾರಿ ಮಧ್ಯೆ ಖಾಲಿಯಾಗಿ ನಿಂತ್ಹೋದ್ರೆ ಏನ್ ಗತಿ? ಪೆಟ್ರೋಲ್ ಆದ್ರೆ ಬಾಟ್ಲಿಲಿ ತರಬಹುದು.

ನಿಜ, ಕರೆಂಟು ಬಾಟಲಿಯಲ್ಲಿ ಬರುವುದಿಲ್ಲ. ಆದರೆ ಗಾಡಿ ಇದ್ದಕ್ಕಿದ್ದಂತೆ ನಿಲ್ಲುವುದೂ ಇಲ್ಲ. 20 ಪರ್ಸೆಂಟಿನ ಆಸುಪಾಸಿನಲ್ಲೇ ಎಚ್ಚರಿಸುತ್ತದೆ, 10ಕ್ಕಿಂತ ಕೆಳಗೆ ಶಕ್ತಿಯನ್ನೇ ಕಡಿತಗೊಳಿಸುತ್ತದೆ. ಆ ಹೊತ್ತಿನಲ್ಲಿ ಎಸಿ ಆರಿಸಿ 40-50ರಲ್ಲಿ ಉರುಳಿಸಿದರೆ ಹತ್ತಿರದ ಊರು ಸಿಗುತ್ತದೆ. ಅದೂ ಆಗದಿದ್ದರೆ ವಿಮೆಯ ಜೊತೆ ಬರುವ ರಸ್ತೆಬದಿ ನೆರವಿಗೆ ಫೋನ್ ಮಾಡಬೇಕು. ಒಂದು ಮಾತು ಮನಸ್ಸಿನಲ್ಲಿರಲಿ: ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟು ಹುಟ್ಟುತ್ತದೆ, ಒಳಗಿನ ಸರ್ಕ್ಯೂಟು ಸುಟ್ಟುಹೋಗಬಹುದು. ನಾಲ್ಕೂ ಚಕ್ರ ಮೇಲಿರುವ ಹಾಗೆ ಫ್ಲಾಟ್‌ಬೆಡ್ ಲಾರಿಯನ್ನೇ ಕಳಿಸಲು ಹೇಳಿ.

ನಾನು ಕಂಡ ಮಟ್ಟಿಗೆ ದೊಡ್ಡ ಬ್ಯಾಟರಿ ಖಾಲಿಯಾಗಿ ನಿಂತವರಿಗಿಂತ ಚಿಕ್ಕ 12 ವೋಲ್ಟಿನ ಬ್ಯಾಟರಿ ಸತ್ತು ನಿಂತವರೇ ಹೆಚ್ಚು. ಬಾಗಿಲು, ಡಿಸ್‌ಪ್ಲೇ, ಕಂಪ್ಯೂಟರ್ ಎಲ್ಲ ಅದರ ಮೇಲೇ ನಡೆಯುವುದು. ಅದು ಹೋದರೆ ಚಾರ್ಜು 90 ಪರ್ಸೆಂಟ್ ಇದ್ದರೂ ಗಾಡಿ ಏಳುವುದಿಲ್ಲ. ಮೂರು ವರ್ಷ ದಾಟಿದ ಗಾಡಿಯಾದರೆ ದೂರ ಹೊರಡುವ ಮುಂಚೆ ಅದನ್ನೊಮ್ಮೆ ಪರೀಕ್ಷೆ ಮಾಡಿಸಿ.

ಮಳೇಲಿ ಚಾರ್ಜ್‌ಗೆ ಹಾಕುದ್ರೆ ಶಾಕ್ ಹೊಡೆಯಲ್ವಾ?

ಇಲ್ಲ. ಗನ್ (ಚಾರ್ಜರಿನ ವೈರಿನ ತುದಿಯಲ್ಲಿರುವ ಪ್ಲಗ್) ಸರಿಯಾಗಿ ಕೂತು, ಗಾಡಿಯೂ ಚಾರ್ಜರೂ ಒಂದನ್ನೊಂದು ವಿಚಾರಿಸಿಕೊಂಡು ಎಲ್ಲ ಸರಿಯಿದೆ ಎಂದ ಮೇಲೇ ಕರೆಂಟು ಹರಿಯುವುದು. ಗನ್ನಿನ ಬಾಯೊಳಗೆ ನೀರು ನಿಂತಿದ್ದರೆ ಮಾತ್ರ ಒರೆಸಿ ಹಾಕಿ. ನಿಂತ ನೀರಿಗೆ ಗಾಡಿ ನುಗ್ಗಿಸುವ ವಿಷಯ ಬೇರೆ. 2022ರ ಆಗಸ್ಟಿನಲ್ಲಿ ರಾಮನಗರದ ಬಳಿ ಹೆದ್ದಾರಿ ಮೇಲೆ ನಿಂತಂಥ ನೀರಿಗೆ ಯಾವ ಕಾರನ್ನೂ ಇಳಿಸಬಾರದು.

## ಚಾರ್ಜಿಂಗ್ ಬಗ್ಗೆ

ಎಕ್ಸ್‌ಪ್ರೆಸ್‌ವೇ ಮೇಲೆ ಒಂದೂ ಚಾರ್ಜರ್ ಕಾಣಲ್ವಲ್ಲ ಸಾರ್?

ಚಾರ್ಜರುಗಳಿವೆ, ಆದರೆ ಮುಖ್ಯರಸ್ತೆಯ ಮೇಲಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ಬೆಂಗಳೂರು-ಮೈಸೂರು ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬದಿಗೆ ಬಿಟ್ಟು ಹೋಗುತ್ತದೆ. ಹೋಟೆಲುಗಳು, ಅವುಗಳ ಅಂಗಳದ ಚಾರ್ಜರುಗಳು ಉಳಿದಿರುವುದು ಸರ್ವಿಸ್ ರಸ್ತೆಯಲ್ಲಿ, ಹಳೆಯ ರಸ್ತೆಯಲ್ಲಿ. ಇಳಿಯುವ ದಾರಿಗಳು ಕೆಲವೇ ಇರುವುದರಿಂದ ಒಂದನ್ನು ಬಿಟ್ಟರೆ ಹಿಂದಕ್ಕೆ ಬರಲಾಗದು. ಎಲ್ಲಿ ಇಳಿಯಬೇಕೆಂದು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಂಡಿರಬೇಕು. ಹಳೆಯ ರಸ್ತೆಗೆ ಇಳಿದಾಗಲೆಲ್ಲ ನನಗೆ ಸಂತೋಷವೇ. ಹೆದ್ದಾರಿ ಬಂದ ಮೇಲೆ ವ್ಯಾಪಾರ ಬಿದ್ದುಹೋದ ಊರುಗಳಿವು. ಮದ್ದೂರಿನಲ್ಲಿ ವಡೆ, ಕಾಫಿ ಮುಗಿಯುವಷ್ಟರಲ್ಲಿ ಗಾಡಿಗೂ ಹತ್ತು ಯೂನಿಟ್ ಸೇರಿರುತ್ತದೆ.

ಚಾರ್ಜರ್ ಹುಡುಕ್ಕೊಂಡು ಹೋದ್ಮೇಲೆ ಅದು ಕೆಟ್ಟು ಕೂತಿದ್ರೆ?

ಕೆಟ್ಟು ಕೂತಿರುತ್ತದೆ ಎಂದುಕೊಂಡೇ ಹೊರಡಿ. ಎಲೆಕ್ಟ್ರಿಕ್ ಕಾರಿನ ಪಯಣದಲ್ಲಿ ನಿಜವಾದ ಕಷ್ಟ ಇರುವುದು ಇಲ್ಲೇ, ಬ್ಯಾಟರಿಯಲ್ಲಲ್ಲ. ಒಮ್ಮೆ ಗುಂಡ್ಲುಪೇಟೆ ದಾರಿಯಲ್ಲಿ ಚಾರ್ಜರಿನ ಮುಂದೆ ನಿಂತಿದ್ದೇನೆ, ಗನ್ ಹಾಕಿಯಾಗಿದೆ, ಆ್ಯಪಿನಲ್ಲಿ ದುಡ್ಡೂ ಇದೆ, ಆದರೆ ಅಲ್ಲಿನ ಯಂತ್ರಕ್ಕೆ ನೆಟ್‌ವರ್ಕ್ ಇಲ್ಲ. ಸಹಾಯವಾಣಿಯವರು ದೂರದಿಂದಲೇ ಅದನ್ನು ಆರಿಸಿ, ಹೊತ್ತಿಸಿ ಶುರುಮಾಡುವ ಹೊತ್ತಿಗೆ 25 ನಿಮಿಷ ಕಳೆದಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಸುಮ್ಮನೆ ಕೂತಿದ್ದರು. ಆ ಸುಮ್ಮನಿರುವಿಕೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಅಂದಿನಿಂದ ನನ್ನ ಕ್ರಮ ಹೀಗೆ. ನಿಲ್ಲಬೇಕೆಂದಿರುವ ಚಾರ್ಜರ್ ಒಂದಾದರೆ, ಅದು ಕೈಕೊಟ್ಟಾಗ ಮುಟ್ಟಬಹುದಾದ ಇನ್ನೊಂದು ಅದರಿಂದ 30 ಕಿ.ಮೀ. ಒಳಗಿರಬೇಕು. ಪ್ಲಗ್‌ಶೇರ್ ಎಂಬ ಆ್ಯಪಿನಲ್ಲಿ, ಅಲ್ಲಿ ಕೊನೆಯದಾಗಿ ಚಾರ್ಜ್ ಮಾಡಿದವರು ಯಾವತ್ತು ಏನು ಬರೆದಿದ್ದಾರೆಂದು ನೋಡುತ್ತೇನೆ. ವಾರದೊಳಗೆ ಯಾರಾದರೂ ಚಾರ್ಜ್ ಮಾಡಿದ್ದರೆ ನಂಬಬಹುದು. ಹೋಟೆಲಿನ ಆವರಣದಲ್ಲಿದ್ದರೆ ನೇರವಾಗಿ ಹೋಟೆಲಿಗೇ ಫೋನ್ ಮಾಡಿ 'ಚಾರ್ಜರ್ ನಡೀತಿದೆಯಾ, ಮುಂದೆ ಬೇರೆ ಗಾಡಿ ನಿಲ್ಸಿದ್ದಾರಾ' ಎಂದು ಕೇಳುತ್ತೇನೆ. ಆ ಎರಡನೇ ಪ್ರಶ್ನೆ ಮುಖ್ಯ. ಎಷ್ಟೋ ಕಡೆ ಚಾರ್ಜರ್ ಚೆನ್ನಾಗಿಯೇ ಇರುತ್ತದೆ, ಅದರ ಮುಂದೆ ಪೆಟ್ರೋಲ್ ಕಾರು ನಿಂತಿರುತ್ತದೆ. ಸೆಕ್ಯೂರಿಟಿಯವರನ್ನು ಪ್ರೀತಿಯಿಂದ ಕೇಳಿದರೆ ತೆಗೆಸಿಕೊಡುತ್ತಾರೆ. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್ ಇರುವುದರಿಂದ ನಾಲ್ಕೈದನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡು ಸ್ವಲ್ಪ ಸ್ವಲ್ಪ ದುಡ್ಡು ಹಾಕಿಟ್ಟುಕೊಳ್ಳಿ. ದಸರಾ ರಜೆ, ಉದ್ದ ವಾರಾಂತ್ಯಗಳಲ್ಲಿ ಸರತಿ ಇದ್ದೇ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಮುಂಚೆ ಅಥವಾ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹೋದರೆ ಕಾಯುವುದು ತಪ್ಪುತ್ತದೆ.

60 ಕಿಲೋವ್ಯಾಟ್ ಅಂತ ಬೋರ್ಡ್ ಇತ್ತು, ಆದ್ರೂ ಯಾಕಷ್ಟು ನಿಧಾನ? ಅದರಲ್ಲೂ 80 ಆದ್ಮೇಲೆ ಆಮೆ ಥರ.

ಎರಡು ಗನ್ ಇರುವ 60ರ ಯಂತ್ರಕ್ಕೆ ಪಕ್ಕದಲ್ಲಿ ಇನ್ನೊಂದು ಗಾಡಿ ಬಂದು ಸಿಕ್ಕಿಸಿಕೊಂಡರೆ ತಲಾ 30 ಆಗುತ್ತದೆ. ಜೊತೆಗೆ ನಿಮ್ಮ ಗಾಡಿಯೇ 50ಕ್ಕಿಂತ ಹೆಚ್ಚು ತೆಗೆದುಕೊಳ್ಳದಿದ್ದರೆ 120ರ ಯಂತ್ರವೂ ಅಷ್ಟನ್ನೇ ಕೊಡುವುದು.

80 ದಾಟಿದ ಮೇಲೆ ನಿಧಾನವಾಗುವುದು ದೋಷವಲ್ಲ. ತುಂಬುತ್ತ ಬಂದ ಸೆಲ್ಲಿಗೆ ಜೋರಾಗಿ ತುರುಕಿದರೆ ಅದು ಕೆಡುತ್ತದೆ, ಅದಕ್ಕೇ ಗಾಡಿ ತಾನಾಗಿ ವೇಗ ತಗ್ಗಿಸುತ್ತದೆ. ಕೊಳಗಕ್ಕೆ ನೀರು ತುಂಬುವಾಗ ಅಂಚು ಬಂದಂತೆ ನಲ್ಲಿ ಸಣ್ಣ ಮಾಡುವುದಿಲ್ಲವೇ, ಹಾಗೆ. ನಮ್ಮ ಗಾಡಿ 30ರ ಯಂತ್ರದಲ್ಲಿ 10ರಿಂದ 80ಕ್ಕೆ ಬರಲು ಒಂದು ಗಂಟೆ ಬೇಕು. ಉಳಿದ 20 ಪರ್ಸೆಂಟಿಗೂ ಹೆಚ್ಚುಕಡಿಮೆ ಅಷ್ಟೇ ಹಿಡಿಯಬಹುದು. ಆದ್ದರಿಂದ ದಾರಿಯಲ್ಲಿ 80ಕ್ಕೆ ತೆಗೆದುಬಿಡಿ, ಹಿಂದೆ ಯಾರಾದರೂ ಕಾಯುತ್ತಿದ್ದರಂತೂ ತೆಗೆಯಲೇಬೇಕು. ನೂರು ಮಾಡಿಕೊಳ್ಳುವುದು ರಾತ್ರಿ ಮಲಗುವ ಜಾಗದಲ್ಲಿ.

ಹಳ್ಳೀಲಿ ನಮ್ಮತ್ತೆ ಮನೇಲಿ 15 ಆಂಪ್ ಪ್ಲಗ್ ಐತೆ, ಸಾಕಾ?

ಸಾಕು, ಮತ್ತು ಅದಕ್ಕಿಂತ ಒಳ್ಳೆಯ ಚಾರ್ಜಿಂಗ್ ಸ್ಟೇಷನ್ ಇಲ್ಲ. ಗಂಟೆಗೆ ಮೂರು ಯೂನಿಟ್ ಎಂದುಕೊಂಡರೆ ರಾತ್ರಿ ಎಂಟು ತಾಸಿಗೆ 24, ಅಂದರೆ 170-180 ಕಿ.ಮೀ. ಆದರೆ ಮಂಡ್ಯದ ಕಡೆಯ ಹಳೆಯ ಮನೆಗಳಲ್ಲಿ ಹತ್ತಕ್ಕೆ ಐದಾರು ಸಲವಾದರೂ ಚಾರ್ಜರ್ ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಕಾರಣ ಅರ್ಥಿಂಗ್. ಫ್ರಿಜ್ಜು, ಮಿಕ್ಸಿ ಅರ್ಥಿಂಗ್ ಇಲ್ಲದಿದ್ದರೂ ನಡೆಯುತ್ತವೆ, ಕಾರಿನ ಚಾರ್ಜರ್ ಒಪ್ಪುವುದಿಲ್ಲ. ಮನೆ ಹಿಂದೆ ಅರ್ಥಿಂಗ್ ಗುಂಡಿ ಇರುತ್ತದೆ, ಬೇಸಗೆಯಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಅದಕ್ಕೆ ನಾಲ್ಕು ಬಿಂದಿಗೆ ನೀರು ಸುರಿದು ಒಂದು ಗಂಟೆ ಬಿಟ್ಟು ನೋಡಿ. ನನಗೆ ಎರಡು ಸಲ ಅಷ್ಟರಲ್ಲೇ ಹಸಿರು ದೀಪ ಬಂದಿದೆ. ಬರದಿದ್ದರೆ ಇದ್ದಿಲು, ಉಪ್ಪು ಹಾಕಿ ಗುಂಡಿ ಸರಿಮಾಡಲು ಊರಿನ ಎಲೆಕ್ಟ್ರಿಷಿಯನ್ನಿಗೆ ಹೇಳಿ. ಖರ್ಚು ನೀವೇ ಕೊಡಿ, ಆ ಮನೆಯವರಿಗೂ ಅದರಿಂದ ರಕ್ಷಣೆ. ನ್ಯೂಟ್ರಲ್ಲಿಗೇ ಅರ್ಥ್ ಸೇರಿಸಿ ಚಾರ್ಜರಿಗೆ ಮೋಸ ಮಾಡುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಗಾಡಿಯ ಮೈಗೆಲ್ಲ ಕರೆಂಟು ಬರುತ್ತದೆ, ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ.

ಮೊದಲ ಅರ್ಧ ಗಂಟೆ ಪ್ಲಗ್ಗನ್ನು ಮುಟ್ಟಿ ನೋಡುತ್ತಿರಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ತೆಗೆಯಿರಿ. ಸಂತೆಯಲ್ಲಿ ಕೊಂಡ ಎಕ್ಸ್‌ಟೆನ್ಷನ್ ಬಾಕ್ಸ್ ಎಂಟು ತಾಸು 15 ಆಂಪ್ ತಡೆಯುವುದಿಲ್ಲ. 4 ಚದರ ಮಿಲಿಮೀಟರಿನ ತಾಮ್ರದ ವೈರಿನದನ್ನು ನೀವೇ ಮಾಡಿಸಿ ಡಿಕ್ಕಿಯಲ್ಲಿಟ್ಟುಕೊಳ್ಳಿ.

ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ಆ ಮನೆಯವರು ಗೃಹಜ್ಯೋತಿಯಲ್ಲಿದ್ದರೆ ಅವರಿಗೆ ಉಚಿತವಾಗಿ ಸಿಗುವ ಯೂನಿಟ್ಟಿಗೆ ಮಿತಿ ಇದೆ, ಅವರ ಹಿಂದಿನ ಬಳಕೆಯ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚು. ಅದನ್ನು ಮೀರಿದ್ದಕ್ಕೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್ಲೇ ಅವರ ತಲೆಗೆ. ನೀವು ಎರಡು ರಾತ್ರಿ ಹಾಕಿದರೆ 48 ಯೂನಿಟ್ ಆಯಿತು. ಅತ್ತೆ ಬಾಯಿಬಿಟ್ಟು ಕೇಳುವುದಿಲ್ಲ. ಹೊರಡುವಾಗ ಲೆಕ್ಕ ಹಾಕಿ ದುಡ್ಡನ್ನು ದೇವರ ಮುಂದೆ ಇಟ್ಟು ಬನ್ನಿ.

ಹೊರಗಡೆ ಚಾರ್ಜ್ ಮಾಡುದ್ರೆ ಪೆಟ್ರೋಲ್‌ಗಿಂತ ಏನ್ ಉಳೀತದೆ?

ಮನೆಯಲ್ಲಿ ಉಳಿಯುವಷ್ಟು ಉಳಿಯುವುದಿಲ್ಲ. ಮನೆಯ ಯೂನಿಟ್ ಆರೇಳು ರೂಪಾಯಿ, ಹೊರಗಿನ ವೇಗದ ಚಾರ್ಜರಿನಲ್ಲಿ ಜಿಎಸ್‌ಟಿ ಸೇರಿ ಹೆಚ್ಚಾಗಿ 20ರಿಂದ 25. ಮಂಗಳೂರಿಗೆ ಹೋಗಿಬರುವ 510 ಕಿ.ಮೀ.ಗೆ ನಮಗೆ 72 ಯೂನಿಟ್ ಬೇಕು. ಅರ್ಧ ಮನೆಯದು, ಅರ್ಧ ದಾರಿಯದು ಎಂದರೆ ಸುಮಾರು 1,100 ರೂಪಾಯಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 34 ಲೀಟರ್, ಅಂದರೆ 3,400 ದಾಟುತ್ತದೆ.

## ಘಾಟಿ ಹತ್ತುವವರಿಗೆ

100ರಲ್ಲಿ ಹೋದ್ರೆ ಬೇಗ ತಲುಪ್ತೀವಲ್ಲ, 80ರಲ್ಲೇ ಯಾಕೆ ತೆವಳಬೇಕು?

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ವೇಗ ಹೆಚ್ಚುವುದು ಕಾಲು ಪಾಲು, ಗಾಳಿ ಒಡ್ಡುವ ತಡೆ ಒಂದೂವರೆ ಪಟ್ಟು ದಾಟುತ್ತದೆ. ಎಕ್ಸ್‌ಪ್ರೆಸ್‌ವೇಯ 118 ಕಿ.ಮೀ.ನಲ್ಲಿ ಉಳಿಯುವ ಸಮಯ 17-18 ನಿಮಿಷ. ಹೆಚ್ಚುವರಿ ಖರ್ಚಾದ ಐದು ಯೂನಿಟ್ಟನ್ನು 30ರ ಯಂತ್ರದಲ್ಲಿ ತುಂಬಲು ಹತ್ತು ನಿಮಿಷ, ಇಳಿದು ಹುಡುಕಿ ಗನ್ ಹಾಕಲು ಇನ್ನೊಂದಿಷ್ಟು. ದಾರಿಯಲ್ಲಿ ಚಾರ್ಜ್ ಮಾಡಬೇಕಿಲ್ಲದಿದ್ದರೆ 100ರಲ್ಲಿ ಹೋಗಿ, ರಸ್ತೆಯ ಮಿತಿಯೂ ಅಷ್ಟೇ. ಮಾಡಲೇಬೇಕಿದ್ದರೆ 85ರಲ್ಲಿ ಹೋದವರೇ ಮುಂಚೆ ತಲುಪುತ್ತಾರೆ.

ಊಟಿ ಹತ್ತುತ್ತಾ? ಮಸಿನಗುಡಿಲಿ 60 ಪರ್ಸೆಂಟ್ ಇದ್ದಿದ್ದು ಮೇಲೆ ಹೋಗೋಷ್ಟರಲ್ಲಿ 35 ಆಯ್ತು ಅಂತಾರೆ.

ಹತ್ತುತ್ತದೆ, ಮತ್ತು ಅವರು ಹೇಳಿದ್ದು ಸರಿಯಾಗಿಯೇ ಇದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ 2,240. ಜನ, ಲಗೇಜ್ ಸೇರಿ 1,700 ಕಿಲೋ ತೂಗುವ ಗಾಡಿಯನ್ನು ಅಷ್ಟು ಮೇಲಕ್ಕೆತ್ತಲು, ದಾರಿಯ ಖರ್ಚು ಬಿಟ್ಟು, ಏಳರಿಂದ ಏಳೂವರೆ ಯೂನಿಟ್ ಬೇಕು. ಬಂಡೀಪುರ, ಮಸಿನಗುಡಿ ದಾರಿಯ 125 ಕಿ.ಮೀ.ಗೆ ಮಾಮೂಲು 16. ಒಟ್ಟು 24. ನೂರರಲ್ಲಿ ಹೊರಟರೆ ಊಟಿಯಲ್ಲಿ 40 ಪರ್ಸೆಂಟ್ ಉಳಿಯುತ್ತದೆ.

ಹೆದರಿಸುವುದು ಖರ್ಚು ಹಂಚಿಕೆಯಾಗಿರುವ ರೀತಿ. ಮಸಿನಗುಡಿಯವರೆಗೂ ಏರು ಗೊತ್ತೇ ಆಗುವುದಿಲ್ಲ. ಆಮೇಲೆ ಕಲ್ಹಟ್ಟಿಯ 36 ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ. ಕೊನೆಯ 30 ಕಿ.ಮೀ.ಗೆ ಹತ್ತು ಯೂನಿಟ್, ಕಾಲು ಬ್ಯಾಟರಿ. ಡಿಸ್‌ಪ್ಲೇ ತೋರಿಸುವ ಕಿಲೋಮೀಟರು ಅಲ್ಲಿಯವರೆಗಿನ ಸಮತಟ್ಟು ರಸ್ತೆಯ ಆಧಾರದ್ದು, ಮುಂದಿರುವ ಬೆಟ್ಟ ಅದಕ್ಕೆ ಗೊತ್ತಿಲ್ಲ. ಘಾಟಿಯಲ್ಲಿ ಕಿಲೋಮೀಟರ್ ನೋಡಬೇಡಿ, ಪರ್ಸೆಂಟ್ ನೋಡಿ.

ವಾಪಸ್ ಬರುವಾಗ ಕಲ್ಹಟ್ಟಿಯಲ್ಲಿ ಹೊರಗಿನ ಗಾಡಿಗಳನ್ನು ಇಳಿಯಲು ಬಿಡುವುದಿಲ್ಲ, ಗೂಡಲೂರಿನ ಮೇಲೆ ಬರಬೇಕು. ಇಳಿಯುವಾಗ ಮೋಟಾರೇ ಡೈನಮೋ ಆಗಿ ಗಾಡಿಯನ್ನು ತಡೆಯುತ್ತ ಬ್ಯಾಟರಿ ತುಂಬುತ್ತದೆ (ಇದನ್ನೇ ರೀಜನ್ ಎನ್ನುವುದು), ಹತ್ತಲು ಸುರಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮರಳುತ್ತದೆ. ಇಲ್ಲೊಂದು ಮುಖ್ಯ ಎಚ್ಚರಿಕೆ: ಬೆಟ್ಟದ ಮೇಲೆ ಬ್ಯಾಟರಿಯನ್ನು ನೂರಕ್ಕೆ ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿಯಲ್ಲಿ ಜಾಗವಿಲ್ಲ, ರೀಜನ್ ಹಿಡಿಯುವುದಿಲ್ಲ. ಬ್ರೇಕಿನ ಮೇಲೇ ಎಲ್ಲ ಭಾರ ಬಿದ್ದು ಬ್ರೇಕು ಬಿಸಿಯಾಗುತ್ತದೆ. ಊಟಿಯಿಂದ 80ರಲ್ಲಿ ಹೊರಟರೆ ಮನೆಗೆ ಸಾಕಾಗಿ ಮಿಗುತ್ತದೆ.

ಬಂಡೀಪುರದ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಚಾರ್ಜರಿನ ಮುಂದೆ ಒಂದು ಗಂಟೆ ಕಳೆದು ಗೇಟಿಗೆ ಒಂಬತ್ತು ಐದಕ್ಕೆ ಬಂದವರಿಗೆ ಕಾಡಿನ ಅಂಚಿನಲ್ಲೇ ರಾತ್ರಿ. ಕಾಡಿನ ನಿಯಮ ಕಾಡುಪ್ರಾಣಿಗಳಿಗಾಗಿ ಇರುವುದು, ನಮ್ಮ ಚಾರ್ಜಿಂಗ್ ಅದಕ್ಕೆ ಹೊಂದಿಕೊಳ್ಳಬೇಕು. ಸಂಜೆ ಐದಕ್ಕೆ ಊಟಿ ಬಿಟ್ಟಿರಿ. ನೀಲಗಿರಿಗೆ 2024ರ ಮೇನಿಂದ ಇ-ಪಾಸ್ ಬೇಕು, ಅದನ್ನೂ ಮುಂಚೆಯೇ ತೆಗೆದುಕೊಂಡಿರಿ.

ಮಂಗಳೂರಿಗೆ ಒಂದೇ ಚಾರ್ಜಲ್ಲಿ ಹೋದೆ ಅಂತ ಫ್ರೆಂಡ್ ಹೇಳ್ದ. ವಾಪಸ್ಸೂ ಹಾಗೇ ಬರಬಹುದಾ?

ಬರಲಾಗದು. ಹೋಗುವಾಗ ಮಡಿಕೇರಿಗೆ ಏರಬೇಕಾದ್ದು 400 ಮೀಟರ್ ಮಾತ್ರ. ಅಲ್ಲಿಂದ ಸಂಪಾಜೆ ಘಾಟಿಯಲ್ಲಿ ಸಾವಿರಕ್ಕೂ ಹೆಚ್ಚು ಮೀಟರ್ ಇಳಿಕೆ. ಒಟ್ಟು 33 ಯೂನಿಟ್ಟಿನಲ್ಲಿ ಮುಟ್ಟಬಹುದು. ಬರುವಾಗ ಅದೇ ಘಾಟಿ ಹತ್ತಬೇಕು, ಮಡಿಕೇರಿಗೆ ಬರುವಷ್ಟರಲ್ಲೇ 24 ಹೋಗಿರುತ್ತದೆ. ಮನೆಗೆ 39 ಬೇಕು. ಪುತ್ತೂರು, ಸುಳ್ಯದ ಕಡೆ ಊಟಕ್ಕೆ ನಿಲ್ಲಿಸಿ ಚಾರ್ಜ್ ಮಾಡಿಕೊಂಡೇ ಘಾಟಿ ಹತ್ತಿ.

ಹೋಗುವಾಗಲೂ ಒಂದೇ ಚಾರ್ಜಿನ ಹಟ ನನಗೆ ಒಪ್ಪಿಗೆಯಿಲ್ಲ, ಮಳೆಗಾಲದಲ್ಲಂತೂ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಈ ರಸ್ತೆಯೇ ಮುಚ್ಚಿತ್ತು. ಮರ ಬಿದ್ದು, ಮಣ್ಣು ಜಾರಿ ತಾಸುಗಟ್ಟಲೆ ನಿಲ್ಲುವುದು, ಬಳಸು ದಾರಿ ಹಿಡಿಯುವುದು ಅಲ್ಲಿ ಅಪರೂಪವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಶಾಲನಗರದಲ್ಲಿ ಅಥವಾ ಮಡಿಕೇರಿಯಲ್ಲಿ 80ಕ್ಕೆ ತುಂಬಿಸಿಕೊಂಡೇ ನಾನು ಇಳಿಯುವುದು.

ಪದೇ ಪದೇ ಫಾಸ್ಟ್ ಚಾರ್ಜ್ ಮಾಡುದ್ರೆ ಬ್ಯಾಟರಿ ಹಾಳಾಗಲ್ವಾ?

ತಿಂಗಳಿಗೊಮ್ಮೆ ದೂರ ಹೋಗುವವರು ಚಿಂತೆ ಬಿಡಿ. ಬ್ಯಾಟರಿಯನ್ನು ಕೆಡಿಸುವುದು ಬಿಸಿ, ಮತ್ತು ತುಂಬಿದ ಸ್ಥಿತಿಯಲ್ಲೇ ದಿನಗಟ್ಟಲೆ ನಿಲ್ಲಿಸುವುದು. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯಾದರೆ ಆಗಾಗ ಮನೆಯಲ್ಲಿ ನಿಧಾನವಾಗಿ ನೂರಕ್ಕೆ ತುಂಬಿಸಿ, ಇಲ್ಲದಿದ್ದರೆ ಅದರ ಪರ್ಸೆಂಟ್ ಲೆಕ್ಕವೇ ತಪ್ಪುತ್ತ ಹೋಗುತ್ತದೆ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಬಗೆಯದಾದರೆ ದಿನಬಳಕೆಗೆ 80 ಸಾಕು, ದೂರ ಹೊರಡುವ ಹಿಂದಿನ ರಾತ್ರಿ ಮಾತ್ರ ನೂರು. ಯಾವುದೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ.

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗ್ಬೇಕು. ಅವರಿಗೆ ಕಾಯೋದು ಕಷ್ಟ ಆಗಲ್ವಾ?

ಅವರೇ ನಿಮಗಿಂತ ಚೆನ್ನಾಗಿ ಒಗ್ಗಿಕೊಳ್ಳುತ್ತಾರೆ. ಎರಡು ತಾಸಿಗೊಮ್ಮೆ ಇಳಿದು ಕಾಲಾಡಿಸುವುದು, ಬಾತ್‌ರೂಮಿಗೆ ಹೋಗುವುದು ಅವರಿಗೆ ಹೇಗಿದ್ದರೂ ಬೇಕು. ಶುಚಿಯಾದ ಶೌಚಾಲಯ, ನೆರಳು, ಕೂರಲು ಜಾಗ ಇರುವ ಹೋಟೆಲಿನ ಚಾರ್ಜರನ್ನೇ ಆರಿಸಿ, ಅದು ಹತ್ತು ನಿಮಿಷ ನಿಧಾನದ್ದಾದರೂ ಪರವಾಗಿಲ್ಲ. ಮೈದಾನದ ನಡುವೆ ಬಿಸಿಲಲ್ಲಿರುವ ವೇಗದ ಯಂತ್ರ ಅವರಿದ್ದಾಗ ಬೇಡ. ಚಾರ್ಜ್ ಆಗುವಾಗ ಎಸಿ ಹಾಕಿಕೊಂಡು ಒಳಗೇ ಕೂರಲೂ ಅಡ್ಡಿಯಿಲ್ಲ. ಕ್ಷೇತ್ರದಲ್ಲಿ ಉಳಿಯುವ ರಾತ್ರಿಗೆ ರೂಮು ಗೊತ್ತುಮಾಡುವಾಗಲೇ ಪಾರ್ಕಿಂಗಿನಲ್ಲಿ ಪ್ಲಗ್ ಇದೆಯೇ ಎಂದು ಕೇಳಿ.

ಯಾರಿಗೆ ಬೇಡ ಅಂತೀರಿ?

ಮನೆಯಲ್ಲಿ ಸ್ವಂತ ಪ್ಲಗ್ ಪಾಯಿಂಟ್ ಇಲ್ಲದ ಬಾಡಿಗೆದಾರರಿಗೆ, ಮನೆ ಮಾಲೀಕರು ಒಪ್ಪುವವರೆಗೆ. ದಿನಕ್ಕೆ 400-500 ಕಿ.ಮೀ. ಓಡಿಸಿ ಬದುಕುವ ಬಾಡಿಗೆ ಕಾರಿನವರಿಗೆ, ಏಕೆಂದರೆ ಗಿರಾಕಿ ಚಾರ್ಜಿಗಾಗಿ ಕಾಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಆ ಕ್ಷಣವೇ ದೂರದ ಊರಿಗೆ ಹೊರಡಬೇಕಾದ ಕೆಲಸದಲ್ಲಿರುವವರಿಗೂ, ಮನೆಯಲ್ಲಿ ಇನ್ನೊಂದು ಗಾಡಿ ಇಲ್ಲದಿದ್ದರೆ. ಉಳಿದವರು ಕೊಳ್ಳುವ ಮುಂಚೆ ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತೆಗೆದುಕೊಂಡು ಮಡಿಕೇರಿಗೆ ಹೋಗಿಬನ್ನಿ. ಶನಿವಾರ ಬೆಳಿಗ್ಗೆ ಆರಕ್ಕೆ, ನೂರು ಪರ್ಸೆಂಟಿನಲ್ಲಿ ಹೊರಡಿ.